ಗೇಟು ಬಿದ್ದಿದೆ

ಹಗಲು ನನ್ನದು ರೇಡಿಯಂ ಅಂಗಡಿ,
ಹೊಸಪೇಟೆ ರಸ್ತೆ, ಪಂಚರ್ ಶೆಡ್ಡಿನ ಪಕ್ಕ.
ಅದಿರು ಲಾರಿಗಳ ಹಣೆಗೆ ಹೆಸರು ಕತ್ತರಿಸಿ ಅಂಟಿಸುತ್ತೇನೆ:
ತಾಯಿಯದು, ದರ್ಗಾದ್ದು,
ಸಾಲ ಕೊಟ್ಟ ಫೈನಾನ್ಸಿನದು ಸಣ್ಣಕ್ಷರದಲ್ಲಿ.
ರಾತ್ರಿ ಆಟದೊಳಗೆ
ಅವೇ ಲಾರಿಗಳಿಗೆ ಅವೇ ಹೆಸರು.

ಆಟ ಹೊರದೇಶದ್ದು.
ಅದರ ರಸ್ತೆಗಳಲ್ಲಿ ಹಿಮ ಬೀಳುತ್ತಿತ್ತು,
ಯಾರೂ ಹಾರನ್ ಒತ್ತುತ್ತಿರಲಿಲ್ಲ.
ಆರು ವರ್ಷ ಕೂತು ಅದರ ಒಂದು ಮೂಲೆಗೆ
ನಾವು ಬಳ್ಳಾರಿಯನ್ನು ಇಳಿಸಿದೆವು.
ಶೇಕ್ಷಾವಲಿ ಬೈಪಾಸಿನಲ್ಲಿ ಮೊಬೈಲು ಹಿಡಿದು ನಿಂತು
ನಲವತ್ತು ಬಗೆಯ ಹಾರನ್ ತಂದ,
ಜೊತೆಗೆ ಕೆಮ್ಮು.
ಗಾದಿಲಿಂಗ ಧೂಳಿಗೆ ಬಣ್ಣ ಹುಡುಕಿದ:
ಇಟ್ಟಿಗೆಯದಲ್ಲ, ಕುಂಕುಮದ್ದಲ್ಲ,
ಒಗೆದ ಮೇಲೂ ಬನಿಯನ್ನಿನಲ್ಲಿ ಉಳಿಯುತ್ತದಲ್ಲ, ಅದು.
ಸುಧಾ ಕ್ರಾಸಿನ ರೈಲ್ವೆ ಗೇಟು ಬರೆದವಳು ಸುಂಕಮ್ಮ.
ಬರೆದಳು ಅಂದರೆ ಸಾಲು ಸಾಲು ಕೋಡು:
ಗೇಟು ಬೀಳುವುದು, ಗೂಡ್ಸು ಬಾರದಿರುವುದು,
ಬೈಕಿನವರು ತಲೆ ಬಗ್ಗಿಸಿ ನುಸುಳುವುದು,
ಒಬ್ಬ ಶೇಂಗಾ ಮಾರುವವನು.
ಹೆಸರಲ್ಲೇ ಸುಂಕವಿದ್ದವಳು
ಯಾರ ಹತ್ತಿರವೂ ಒಂದು ಪೈಸೆ ಕೇಳಲಿಲ್ಲ.

ಆಮೇಲೆ ಕಂಪನಿ ಹೊಸ ನಾಡು ತಂದಿತು.
ಎಂಟುನೂರ ತೊಂಬತ್ತೊಂಬತ್ತು ರೂಪಾಯಿ.
ಮರುಭೂಮಿ, ಗಣಿ, ಟೈರಿನ ಹಿಂದೆ ಏಳುವ ಕೆಂಧೂಳು.
ಟ್ರೇಲರ್ ನೋಡಿದ ಗಾದಿಲಿಂಗ ಬಹಳ ಹೊತ್ತು ಮಾತಾಡಲಿಲ್ಲ.
"ನಮ್ದಕ್ಕಿಂತ ಚಲೋ ಐತಲೇ," ಅಂದ,
"ಅವರ ಧೂಳು ಕನ್ನಡಿ ಮ್ಯಾಲೂ ಕೂಡ್ತತಿ."

ಅಪ್‌ಡೇಟು ಮಾತ್ರ
ಕೊಂಡವರಿಗೂ ಕೊಳ್ಳದವರಿಗೂ ಒಂದೇ ರಾತ್ರಿ ಬಂತು.
ಬೆಳಗ್ಗೆ ನೋಡಿದರೆ
ಸುಧಾ ಕ್ರಾಸಿನ ಗೇಟು ಆಕಾಶದಲ್ಲಿ ತೇಲುತ್ತಿದೆ.
ಶೇಂಗಾದವನು ಹಳಿಯೊಳಗೆ ಸೊಂಟದ ತನಕ ಹೂತಿದ್ದಾನೆ,
ಕೂಗುತ್ತಲೇ ಇದ್ದಾನೆ.
ಕುಡಿತಿನಿ ದಾಟಿದ ಲಾರಿಗಳು ರಸ್ತೆಯೊಳಗಿಂದ ಜಾರಿ
ತಳವಿಲ್ಲದ ಬೂದಿಗೆ ಬೀಳುತ್ತಿವೆ,
ಲೋಡಿನ ಸಮೇತ.

ಮೂರು ರಾತ್ರಿ ಸುಂಕಮ್ಮ ಗೇಟು ಇಳಿಸಿದಳು.
ನಾಲ್ಕನೆಯ ದಿನ ಅವಳಿಗೆ ಗಣಿತದ ಪರೀಕ್ಷೆ.
ಕೊಂಡವರು ಆಗಲೇ ಕೇಳತೊಡಗಿದ್ದರು:
ನಮ್ಮ ತೋರಣಗಲ್ಲಿನ ದಾರಿಯನ್ನು ಆ ಮರುಭೂಮಿಗೆ ಜೋಡಿಸಿ.
ಜೋಡಿಸಿದರೆ
ಕೊಳ್ಳದವರಿಗೆ ಬಳ್ಳಾರಿ ತೆರೆಯುವುದೇ ಇಲ್ಲ.
ಇಷ್ಟಗಲದ ಊರು, ಎರಡು ಬಾಗಿಲು.
ಶಕ್ತಿನಗರದ ಹುಡುಗ ಮಾರುತೇಶ ಬರೆದ:
"ಅಣ್ಣಾ, ನನ್ನ ಕಂಪ್ಯೂಟರ್ ನಮ್ಮಪ್ಪ ಗುಜರಿಯಿಂದ ತಂದಿದ್ದು.
ನನಗ ಹಳೇ ಬಳ್ಳಾರಿನೇ ಇರ್ಲಿ."

ಜೋಡಿಸಬೇಕಾದರೆ ಮೊದಲು ನಾನೇ ಕೊಳ್ಳಬೇಕು.
ಪುಕ್ಕಟೆ ಹಂಚುವವನು ಕಾಸು ಕಟ್ಟಿ ಒಳಗೆ ಹೋಗಬೇಕು.
ಗುಂಪಿನವರು ಫೋನಿಗೆ ದುಡ್ಡು ಹಾಕಿದರು:
ನೂರು, ಐವತ್ತು, ಹನ್ನೊಂದು.
ಮಾರುತೇಶ ಐದು.
ಆ ಐದು ಸೇರಿಸಿ ಕೊಂಡ ನಾಡಿಗೆ
ಅವನೇ ಕಾಲಿಡಲಾರ.
ವಾಪಸ್ ಕಳಿಸಿದೆ. ಮತ್ತೆ ಕಳಿಸಿದ.

ಶೇಕ್ಷಾವಲಿಯ ಮಾವ ಖಾಜಾಸಾಬ್,
ಇಪ್ಪತ್ತೆರಡು ವರ್ಷ ಸಂಡೂರು ದಾರಿಯ ಡ್ರೈವರ್,
ಅಂಗಡಿಗೆ ಬಂದು ಎರಡು ಬೆರಳಲ್ಲಿ ಹೊಸ ನಾಡು ಓಡಿಸಿದ.
"ರೋಡ್ ಚಲೋ ಐತಿ, ಗುಂಡಿಲ್ಲ. ಟೋಲ್ ಕಟ್ಟೀರಿ, ಅದಕ್ಕ."
ಸ್ವಲ್ಪ ದೂರ ಹೋಗಿ ಇಂಜಿನ್ ಆಫ್ ಮಾಡಿದ.
"ಇಲ್ಲಿ ಚಾ ಎಲ್ಲಿ ಸಿಗ್ತತಿ?"
ಸಿಗುವುದಿಲ್ಲ.
ಅದನ್ನು ನಾವಿನ್ನೂ ಮಾಡಿಲ್ಲ.

ಪರೀಕ್ಷೆ ಮುಗಿಸಿ ಬಂದ ಸುಂಕಮ್ಮ
ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು ಹೇಳಿದಳು:
"ಹೊಸದು ನೀವು ಜೋಡಿಸ್ಕೊಳ್ರಿ.
ದೀಪಾವಳಿಗೆ ಇನ್ನೊಂದು ನಾಡು ಬರ್ತತಂತ.
ನಾ ಹಳೇದರ ಗೇಟ್ ಕಾಯ್ತೀನಿ."

ನಿನ್ನೆ ರಾತ್ರಿ ಮಾರುತೇಶ ಒಂದು ಚಿತ್ರ ಕಳಿಸಿದ.
ಗೇಟು ಬಿದ್ದಿದೆ. ಗೂಡ್ಸು ಬಂದಿಲ್ಲ.
ಲಾರಿಯ ಹಣೆಯಲ್ಲಿ ನಾನು ಕತ್ತರಿಸಿದ ಅವನ ತಾಯಿಯ ಹೆಸರು,
ಅದರ ಮೇಲೆ ಗಾದಿಲಿಂಗನ ಧೂಳು.
ಕಿಟಕಿಯ ಹತ್ತಿರ ಶೇಂಗಾದವನು.
ಕೆಳಗೆ ಎರಡೇ ಮಾತು:
ಆರಾಮ ಅದೀನಿ.